ಪ್ರಮೀಳೆ ಪಾತ್ರಕ್ಕೆ ಬರೀ ಡ್ಯುಯೆಟ್ ಸಾಕಾ? ಜೈಮಿನಿ ಭಾರತದ ರಾಣಿಯರ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ

ಕಡೂರ್ ಕಲಾ:
ಎಲ್ರಿಗೂ ನಮಸ್ಕಾರ. ಇಲ್ಲಿ ಕಾವ್ಯ ಓದ್ಕೊಂಡಿರೋರು, ಯಕ್ಷಗಾನ ನೋಡೋರು ಜಾಸ್ತಿ ಇದೀರಾ ಅಂತ ಕೇಳ್ತಿದೀನಿ. ನಮ್ದು ಕಡೂರು ತಾಲ್ಲೂಕು, ಲಕ್ಷ್ಮೀಶ ಕವಿಯ ದೇವನೂರು ನಮಗೆ ಹತ್ರಾನೇ. ಊರಲ್ಲಿ ಗಂಡಸ್ರು ಎಷ್ಟೋ ವರ್ಷದಿಂದ ಕುರುಕ್ಷೇತ್ರ ಆಡ್ಕೊಂಡೇ ಬಂದಿದಾರೆ, ಅದ್ರಲ್ಲಿ ದ್ರೌಪದಿ ಕುಂತಿ ಪಾರ್ಟಿಗೂ ಹೊರಗಡೆಯಿಂದ ದುಡ್ಡು ಕೊಟ್ಟು ಕಲಾವಿದೆಯರನ್ನ ಕರೆಸ್ತಾರೆ, ಊರ ಹೆಂಗಸ್ರಿಗೆ ಕೆಲಸ ಅಂದ್ರೆ ಮುಂದ್ಗಡೆ ಚಾಪೆ ಹಾಸ್ಕೊಂಡು ಕೂರೋದು ಅಷ್ಟೇ. ಈ ಸಲ ಗೌರಿ ಹಬ್ಬ ಕಳೆದ್ಮೇಲೆ ನಮ್ಮ ಸ್ತ್ರೀಶಕ್ತಿ ಸಂಘದವ್ರೇ ಸೇರ್ಕೊಂಡು ಒಂದು ಪೌರಾಣಿಕ ನಾಟಕ ಆಡೋಣ ಅಂತ ತೀರ್ಮಾನ ಆಗಿದೆ. ಅರ್ಜುನನ ಪಾರ್ಟೂ ನಮ್ಮವ್ರೇ ಮಾಡ್ತಾರೆ. ನಮ್ಮ ಕಡೆ ಕವಿ ಇರುವಾಗ ಬೇರೆದ್ಯಾಕೆ ಅಂತ ಹೆಂಗಸರೇ ಆಳೋ ಸ್ತ್ರೀರಾಜ್ಯದ ರಾಣಿ ಪ್ರಮೀಳೆ ಕಥೆ ಆರಿಸ್ಕೊಂಡ್ವಿ.

ಈಗ ತೊಂದ್ರೆ ಏನಂದ್ರೆ ನಾಟಕ ಕಲಿಸೋ ಮೇಷ್ಟ್ರು ಬರ್ಕೊಂಡು ಬಂದಿರೋ ಸ್ಕ್ರಿಪ್ಟಲ್ಲಿ ಪ್ರಮೀಳೆ ಬರ್ತಾಳೆ, ಉದ್ಯಾನದಲ್ಲಿ ಸಖಿಯರ ಜೊತೆ ಒಂದು ಡ್ಯಾನ್ಸು, ಅರ್ಜುನನ್ನ ನೋಡಿ ನಾಚ್ಕೊಂಡು ಒಂದು ಹಾಡು, ಆಮೇಲೆ ಇಬ್ರದ್ದೂ ಡ್ಯುಯೆಟ್ಟು, ಮಂಗಳ. ಯುದ್ಧ ಎಲ್ಲಿ ಸಾರ್ ಅಂದ್ರೆ "ಹೆಂಗಸರ ಯುದ್ಧ ಯಾರಮ್ಮ ನೋಡ್ತಾರೆ, ಲೈಟಿಂಗ್ ಎಫೆಕ್ಟಲ್ಲಿ ತೋರಿಸ್ಬಿಡೋಣ" ಅಂದ್ರು. ನಮ್ಮವ್ರಿಗೆ ಸಿಟ್ಟು ಬಂದಿದೆ, ಆದ್ರೆ ಎದುರು ಮಾತಾಡೋಕೆ ಮೂಲದಲ್ಲಿ ಏನಿದೆ ಅಂತ ಗೊತ್ತಿರ್ಬೇಕಲ್ವಾ. ಪ್ರಮೀಳೆ ನಿಜವಾಗ್ಲೂ ಯುದ್ಧ ಮಾಡ್ತಾಳಾ? ಗೆಲ್ತಾಳಾ ಸೋಲ್ತಾಳಾ?

ಬೇಲೂರ್ ಬಾಯ್:
ಅಕ್ಕ ಮೊದ್ಲು ಅರ್ಜುನ ಯಾರು ಅಂತ ಹೇಳಿ 😀 ನಿಮ್ ಸಂಘದ ಪ್ರೆಸಿಡೆಂಟಾ?

ಕಡೂರ್ ಕಲಾ:
ಅಲ್ಲಪ್ಪ, ಹಾಲಿನ ಡೈರಿ ಲೆಕ್ಕ ಬರ್ಯೋ ಹುಡುಗಿ. ಎತ್ತರ ಇದಾಳೆ, ದನಿ ಚೆನ್ನಾಗಿದೆ.

ಹಾಸನ್ ಮೇಷ್ಟ್ರು:
ಕಲಾ ಅವರೇ, ಒಳ್ಳೆ ಕೆಲಸಕ್ಕೆ ಕೈ ಹಾಕಿದೀರಿ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ವಿಷಯ. ಪ್ರಮೀಳೆ ವ್ಯಾಸಭಾರತದಲ್ಲಿ ಇಲ್ಲ. ಸ್ತ್ರೀರಾಜ್ಯ ಅನ್ನೋ ನಾಡಿನ ಹೆಸರು ಶಾಂತಿಪರ್ವದಲ್ಲಿ ಬಂದು ಹೋಗುತ್ತೆ, ಅಷ್ಟೇ. ವ್ಯಾಸರ ಅಶ್ವಮೇಧಿಕ ಪರ್ವದಲ್ಲಿ ಅರ್ಜುನ ಧರ್ಮರಾಯನ ಯಜ್ಞದ ಕುದುರೆ ಹಿಂದೆ ಹೋಗಿ ತ್ರಿಗರ್ತರು, ಸೈಂಧವರು ಹೀಗೆ ಕುರುಕ್ಷೇತ್ರದಲ್ಲಿ ಸತ್ತವರ ಮಕ್ಕಳು ಮೊಮ್ಮಕ್ಕಳ ಜೊತೆ ಹೊಡೆದಾಡ್ತಾನೆ. ಪ್ರಮೀಳೆ, ಸುಧನ್ವ, ಚಂದ್ರಹಾಸ, ಇವರೆಲ್ಲ ಬರೋದು ಜೈಮಿನಿಯ ಹೆಸರಲ್ಲಿರೋ ಅಶ್ವಮೇಧ ಪರ್ವದಲ್ಲಿ, ಲಕ್ಷ್ಮೀಶ ಕನ್ನಡಕ್ಕೆ ತಂದಿದ್ದು ಅದನ್ನ. ನಮ್ಮ ಕನ್ನಡಿಗರಿಗೆ ಅಶ್ವಮೇಧ ಅಂದ್ರೆ ಲಕ್ಷ್ಮೀಶನೇ ನೆನಪಾಗೋಕೆ ಕಾರಣ ಏನಂದ್ರೆ ಕುಮಾರವ್ಯಾಸ ಗದಾಪರ್ವದವರೆಗೆ ಹತ್ತೇ ಪರ್ವ ಬರೆದು ನಿಲ್ಲಿಸಿದ, ಉಳಿದಿದ್ದನ್ನ ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಪೂರ್ತಿ ಮಾಡಿದ, ಆದ್ರೆ ಮನೆಮನೆಯಲ್ಲಿ ಓದಿಸ್ಕೊಂಡಿದ್ದು ದೇವನೂರಿನವನ 34 ಸಂಧಿಯೇ.

ಈಗ ನಿಮ್ಮ ಪ್ರಶ್ನೆ. ಪ್ರಮೀಳೆ ಯುದ್ಧ ಮಾಡ್ತಾಳೆ. ಕುದುರೆ ಸ್ತ್ರೀರಾಜ್ಯಕ್ಕೆ ಹೋಗುತ್ತೆ, ಅವಳು ಕಟ್ಟಿಹಾಕಿಸ್ತಾಳೆ. ಆನೆ ಮೇಲೆ, ಕುದುರೆ ಮೇಲೆ, ರಥದ ಮೇಲೆ ಹೆಂಗಸರ ಸೈನ್ಯ ಬರುತ್ತೆ. ಆ ನಾಡಿಗೆ ಬಂದು ಅಲ್ಲಿನ ಹೆಣ್ಣಿನ ಜೊತೆ ಇದ್ದ ಗಂಡಸು ಒಂದು ತಿಂಗಳಿಗಿಂತ ಹೆಚ್ಚು ಬದುಕಲ್ಲ ಅಂತ ಒಂದು ನಂಬಿಕೆ, ಅರ್ಜುನ ಅದಕ್ಕೇ ಹಿಂಜರೀತಾನೆ. ನನ್ನನ್ನ ವರಿಸು, ಇಲ್ಲ ಯುದ್ಧ ಮಾಡು ಅಂತ ನೇರವಾಗಿ ಕೇಳೋಳು ಪ್ರಮೀಳೆ. ನಾಚ್ಕೊಂಡು ನಿಲ್ಲೋಳಲ್ಲ. ಯುದ್ಧದಲ್ಲಿ ಅರ್ಜುನನ ಕೈ ಸಾಗಲ್ಲ. ಸಂಸ್ಕೃತ ಜೈಮಿನಿಯಲ್ಲಿ ಅವನು ಮೋಹನಾಸ್ತ್ರ ಹೂಡಿದ್ರೆ ಅದನ್ನೂ ಕತ್ತರಿಸಿ ಹಾಕ್ತಾಳೆ. ಕೊನೆಗೆ ಆಕಾಶವಾಣಿ ಆಗಿ, ಇವಳನ್ನ ನೀನು ಗೆಲ್ಲಲಾರೆ, ಸುಮ್ಮನೆ ಮದುವೆಯಾಗು ಅನ್ನುತ್ತೆ. ಯಜ್ಞದ ದೀಕ್ಷೆಯಲ್ಲಿದೀನಿ, ಈಗ ಸಂಸಾರ ಮಾಡೋ ಹಾಗಿಲ್ಲ, ನೀನು ಹಸ್ತಿನಾವತಿಗೆ ಹೋಗಿರು ಅಂತ ಹೇಳಿ ಅರ್ಜುನ ಮುಂದೆ ಹೋಗ್ತಾನೆ. ಹಾಗಾಗಿ ಡ್ಯುಯೆಟ್‌ಗೆ ಮೂಲದಲ್ಲಿ ಜಾಗವೇ ಇಲ್ಲ ನೋಡಿ, ಅವನು ವ್ರತದಲ್ಲಿದಾನೆ!

ಇನ್ನೊಂದು ತಮಾಷೆ ಇದೆ. ಸ್ತ್ರೀರಾಜ್ಯ ಮುಟ್ಟೋಕೆ ಮುಂಚೆನೇ ಕುದುರೆ ಪಾರ್ವತಿಯ ವನಕ್ಕೆ ಹೋಗಿ ಹೆಣ್ಣುಕುದುರೆ ಆಗಿಬಿಡುತ್ತೆ, ಆಮೇಲೆ ಇನ್ನೊಂದು ಕೊಳದ ನೀರು ಕುಡಿದು ಹುಲಿ ಆಗುತ್ತೆ, ಕೃಷ್ಣನ ಸ್ಮರಣೆಯಿಂದ ಸರಿಹೋಗುತ್ತೆ. ನಾಟಕಕ್ಕೆ ಬೇಕಾದ್ರೆ ಹಾಸ್ಯಕ್ಕೆ ಇದನ್ನ ಇಟ್ಕೊಳ್ಳಿ, ಪ್ರಮೀಳೆಯನ್ನ ಹಾಸ್ಯ ಮಾಡ್ಬೇಡಿ.

ಕೊಪ್ಪದ ಚಂಡೆ:
ಮೇಷ್ಟ್ರು ಹೇಳಿದ್ದು ಸರಿ ಮಾರಾಯ್ರೆ. ನಮ್ಮ ಕಡೆ ಯಕ್ಷಗಾನದಲ್ಲಿ ಪ್ರಮೀಳೆ ಅಂದ್ರೆ ಕಸೆ ಸ್ತ್ರೀವೇಷ. ಸೀರೆ ಬಳುಕಿಸ್ಕೊಂಡು ಬರೋ ವೇಷ ಅಲ್ಲ ಅದು, ಕಸೆ ಕಟ್ಟಿ ಬಿಲ್ಲು ಹಿಡಿದು ಬರ್ತದೆ, ಪ್ರವೇಶಕ್ಕೇ ಚಂಡೆ ಬೀಳ್ತದೆ. ಮೀನಾಕ್ಷಿ, ಶಶಿಪ್ರಭೆ, ಪ್ರಮೀಳೆ, ಇವಿಷ್ಟೂ ಒಂದೇ ಸಾಲಿನ ವೇಷಗಳು, ಮಾಮೂಲಿ ಸ್ತ್ರೀವೇಷದವ್ರಿಗೆ ಅಷ್ಟು ಸುಲಭಕ್ಕೆ ಒಗ್ಗೋದಿಲ್ಲ, ಗಂಡುಕಲೆ ಕುಣಿತವೂ ಬರ್ಬೇಕು, ಹೆಣ್ಣು ಅಂತ ಮರ್ತೂ ಹೋಗ್ಬಾರ್ದು. ನಿಮ್ಮ ಮೇಷ್ಟ್ರನ್ನ ಒಂದು ರಾತ್ರಿ ಆಟಕ್ಕೆ ಕರ್ಕೊಂಡು ಹೋಗಿ ಕೂರ್ಸಿ, ಹೆಂಗಸರ ಯುದ್ಧ ಯಾರು ನೋಡ್ತಾರೆ ಅಂತ ಮತ್ತೆ ಕೇಳೋದಿಲ್ಲ.

ವೇಷ ಕುಣಿತ ಇಲ್ದೆ ಕೂತು ಮಾತಲ್ಲೇ ನಡೆಸೋ ತಾಳಮದ್ದಳೆಯಲ್ಲಂತೂ ಅರ್ಜುನ ಪ್ರಮೀಳೆ ಸಂವಾದ ಇಟ್ರೆ ಗಂಟೆಗಟ್ಲೆ ಎಳೀಬಹುದು. ಹೆಣ್ಣಿನ ಮೇಲೆ ಬಾಣ ಬಿಡೋದಿಲ್ಲ ಅಂತ ಅರ್ಜುನ ಹೇಳ್ತಾನೆ ಅಂತಿಟ್ಕೊಳಿ, ಪ್ರಮೀಳೆ ಪಾತ್ರಧಾರಿ "ಹೌದು ಪಾರ್ಥ, ಹೆಣ್ಣಾಗಿ ಹುಟ್ಟಿದ ಶಿಖಂಡಿಯನ್ನ ಮುಂದೆ ನಿಲ್ಲಿಸ್ಕೊಂಡು ಅಜ್ಜನ ಮೇಲೆ ಬಾಣ ಬಿಡೋದು ಮಾತ್ರ ನಿನಗೆ ಗೊತ್ತು" ಅಂತ ಒಂದು ಹಾಕಿದ್ರೆ ಸಭೆ ಎದ್ದು ಕೂತ್ಕೊಳ್ತದೆ. ಮೂಲದ ಮಾತು ಅಂತ ಹೇಳ್ತಿಲ್ಲ, ಅರ್ಥಗಾರಿಕೆಯ ದಾರಿ ತೋರಿಸ್ತಿದೀನಿ ಅಷ್ಟೆ.

ಸಕಲೇಶಪುರ ಸಿಂಧು:
ಎಲ್ಲಾ ಸರಿ, ಆದ್ರೆ ನಂಗೆ ಪ್ರಮೀಳೆ ಕಥೆ ಮೇಲೆ ಮೊದಲಿಂದ್ಲೂ ಒಂದು ತಕರಾರಿದೆ. ಅಷ್ಟೆಲ್ಲಾ ಯುದ್ಧ ಮಾಡಿ, ಅರ್ಜುನನ್ನೇ ತಡೆದು ನಿಲ್ಲಿಸಿ, ಕೊನೆಗೆ ಆಗಿದ್ದೇನು? ಆಕಾಶದಿಂದ ಯಾರೋ ಕೂಗಿದ್ರು, ಇವಳು ರಾಜ್ಯ ಬಿಟ್ಟು ಹಸ್ತಿನಾಪುರಕ್ಕೆ ಹೋಗಿ ಅವನ ಹೆಂಡ್ತಿಯರ ಲಿಸ್ಟಲ್ಲಿ ಇನ್ನೊಂದು ಹೆಸರಾಗಿ ಕೂತಳು. ಅವಳು ಹೋದ್ಮೇಲೆ ಸ್ತ್ರೀರಾಜ್ಯ ಏನಾಯ್ತು ಅಂತ ಕವಿಗೂ ಚಿಂತೆ ಇಲ್ಲ. ಗೆದ್ದೋಳನ್ನ ಮದುವೆ ಮಾಡಿ ಮುಗಿಸೋದು ನಮ್ಮ ಕಥೆಗಳಿಗೆ ಚಟ. ಮೀನಾಕ್ಷಿದೂ ಹಂಗೇ, ಶಿವ ಎದುರು ಬಂದ ತಕ್ಷಣ ಯುದ್ಧ ಮರ್ತೋಯ್ತು. ಹಂಗಾಗಿ ನಿಮ್ಮ ನಾಟಕದ ಮೇಷ್ಟ್ರು ಡ್ಯುಯೆಟ್ ಹಾಕಿದ್ದು ತಪ್ಪಾದ್ರೂ ಅದರ ಬೀಜ ಕಥೆಯಲ್ಲೇ ಇದೆ ಕಣ್ರಿ.

ಹಾಸನ್ ಮೇಷ್ಟ್ರು:
ಸಿಂಧು ಅವರೇ, ಅರ್ಧ ಒಪ್ತೀನಿ. ಆದ್ರೆ ಆಕಾಶವಾಣಿ ಯಾರಿಗೆ ಆಯ್ತು ನೋಡಿ. ಸೋಲ್ತಿದ್ದವನಿಗೆ. ಪ್ರಮೀಳೆಗೆ ಬುದ್ಧಿ ಹೇಳಿದ್ದಲ್ಲ ಅದು, ಅರ್ಜುನನ್ನ ಉಳಿಸಿದ್ದು. ಮದುವೆ ಬೇಕು ಅಂತ ಕೇಳಿದ್ದೂ ಅವಳೇ, ಕೇಳಿದ್ದನ್ನ ತಗೊಂಡಳು. ಅದನ್ನ ಸೋಲು ಅಂತ ಹೇಗೆ ಹೇಳೋದು?

ಸಕಲೇಶಪುರ ಸಿಂಧು:
ಸಾರ್, ಅವಳಿಗೆ ಅದು ಬೇಕು ಅಂತ ಬರೆದವರು ಯಾರು, ಅದೇ ನನ್ನ ಪ್ರಶ್ನೆ.

ಬೇಲೂರ್ ಬಾಯ್:
ನಂಗೆ ಗೊತ್ತಿರೋ ಫೈಟರ್ ರಾಣಿ ಅಂದ್ರೆ ಚಿತ್ರಾಂಗದೆ. ಬಭ್ರುವಾಹನನ ಅಮ್ಮ. ಮಣಿಪುರದ ರಾಜಕುಮಾರಿ, ಗಂಡುಮಗನ ಥರ ಬೆಳೆಸಿದ್ರಂತೆ, ಬೇಟೆ ಗೀಟೆ ಎಲ್ಲ. ಪ್ರಮೀಳೆ ಬದ್ಲು ಅವಳನ್ನ ಇಟ್ಕೊಳ್ಳಿ ಅಕ್ಕ, ಅಣ್ಣಾವ್ರು ಅಪ್ಪ ಮಗ ಎರಡೂ ಆಗಿದ್ದ ಸಿನಿಮಾದಿಂದ ಜನಕ್ಕೆ ಕಥೆನೂ ಗೊತ್ತಿದೆ.

ಹಾಸನ್ ಮೇಷ್ಟ್ರು:
ತಮ್ಮಾ, ಬೇಟೆಯಾಡೋ ಚಿತ್ರಾಂಗದೆ ರವೀಂದ್ರನಾಥ ಟ್ಯಾಗೋರರ ನಾಟಕದವಳು, 1892ರದ್ದು. ವ್ಯಾಸಭಾರತದಲ್ಲಿ ಅವಳು ಚಿತ್ರವಾಹನ ರಾಜನ ಒಬ್ಬಳೇ ಮಗಳು, ಅವಳಿಗೆ ಹುಟ್ಟೋ ಮಗ ತಾತನ ವಂಶಕ್ಕೆ ಅನ್ನೋ ಕರಾರಿನ ಮೇಲೆ ಅರ್ಜುನನಿಗೆ ಕೊಡ್ತಾರೆ. ಬಿಲ್ಲು ಹಿಡಿದ ವಿಚಾರ ಅಲ್ಲಿಲ್ಲ. ಮಣಿಪುರದ ಜಗಳದಲ್ಲಿ ವ್ಯಾಸರ ಪ್ರಕಾರ ನಿಜವಾದ ಕೈವಾಡ ಅರ್ಜುನನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿಯದ್ದು. ಬಭ್ರುವಾಹನ ಕಾಣಿಕೆ ಹಿಡ್ಕೊಂಡು ಅಪ್ಪನ ಎದುರಿಗೆ ಬಂದ್ರೆ ಅರ್ಜುನ, ಕ್ಷತ್ರಿಯನಾಗಿ ಹೀಗೆ ಬರ್ತೀಯಾ ಅಂತ ಬೈತಾನೆ, ಆಗ ನೆಲ ಸೀಳ್ಕೊಂಡು ಬಂದು ಯುದ್ಧ ಮಾಡು ಮಗನೇ ಅನ್ನೋಳು ಉಲೂಪಿ. ಅರ್ಜುನ ಬಿದ್ದ ಮೇಲೆ ಸಂಜೀವನ ಮಣಿ ತಂದು ಬದುಕಿಸೋಳೂ ಅವಳೇ. ಭೀಷ್ಮರನ್ನ ಅಧರ್ಮದಿಂದ ಬೀಳಿಸಿದ್ದಕ್ಕೆ ಅವರ ಅಣ್ಣಂದಿರಾದ ವಸುಗಳು ಶಾಪ ಕೊಡೋಕೆ ಹೊರಟಿದ್ರು, ಮಗನ ಕೈಲಿ ಬಿದ್ದು ಎದ್ರೆ ಅದು ತೀರುತ್ತೆ ಅಂತ ಮಾಡಿಸಿದೆ ಅಂತ ಆಮೇಲೆ ವಿವರಿಸ್ತಾಳೆ.

ಮೂಡಿಗೆರೆ ಮಳೆ:
ಈ ಥ್ರೆಡ್‌ಗೆ ಕೈಕೇಯಿ ಸೇರಿಸ್ಬಹುದಾ? ಯುದ್ಧದಲ್ಲಿ ರಥದ ಕೀಲು ಮುರಿದಾಗ ಬೆರಳು ಕೊಟ್ಟು ದಶರಥನ್ನ ಉಳಿಸಿದ್ದು ಅವಳೇ ಅಲ್ವಾ. ಮತ್ತೆ ನರಕಾಸುರನ್ನ ಕೊಂದ ಸತ್ಯಭಾಮೆ.

ಹಾಸನ್ ಮೇಷ್ಟ್ರು:
ಸೇರಿಸ್ಬಹುದು. ಕೀಲಿನ ಜಾಗಕ್ಕೆ ಕೈ ಕೊಟ್ಟಿದ್ದು ಅಧ್ಯಾತ್ಮ ರಾಮಾಯಣದಲ್ಲಿದೆ. ವಾಲ್ಮೀಕಿಯಲ್ಲಿ ಶಂಬರನ ಜೊತೆ ಯುದ್ಧದಲ್ಲಿ ದಶರಥ ಗಾಯಗೊಂಡು ಪ್ರಜ್ಞೆ ತಪ್ಪಿದಾಗ ರಣರಂಗದಿಂದ ಆಚೆ ಸಾಗಿಸಿ ಕಾಪಾಡಿದಳು ಅಂತಿದೆ, ಆ ಎರಡು ವರ ಅದಕ್ಕೇ. ಸತ್ಯಭಾಮೆ ಸಂಸ್ಕೃತ ಭಾಗವತದಲ್ಲಿ ಗರುಡನ ಮೇಲೆ ಜೊತೆಗೆ ಹೋಗ್ತಾಳೆ, ನರಕನ್ನ ಕೊಲ್ಲೋದು ಕೃಷ್ಣನ ಚಕ್ರ. ಅವಳೇ ಬಿಲ್ಲೆತ್ತಿ ಹೋರಾಡೋ ಸೊಗಸು ತೆಲುಗಿನ ಪೋತನನ ಭಾಗವತದ್ದು.

ಚನ್ರಾಯಪಟ್ಣ ಮೊಮ್ಮಗ:
ಎಲ್ಲಾ ರಾಣಿಯರನ್ನೂ ಕರೆದ್ರಿ, ಅರ್ಜುನನ ತಲೆ ತೆಗೆದೋಳನ್ನೇ ಮರ್ತ್ರಲ್ಲ. ಜ್ವಾಲೆ!

ನಮ್ಮಜ್ಜಿಗೆ ಓದೋಕೆ ಬರ್ತಿರ್ಲಿಲ್ಲ, ಆದ್ರೆ ಅವರ ಕಾಲದಲ್ಲಿ ಊರಲ್ಲಿ ಜೈಮಿನಿ ಓದಿಸ್ತಿದ್ರಂತೆ, ಒಬ್ರು ಪದ್ಯ ಓದೋದು ಒಬ್ರು ಅರ್ಥ ಹೇಳೋದು, ಕೇಳಿ ಕೇಳಿ ಇಡೀ ಕಥೆ ಬಾಯಲ್ಲಿತ್ತು. ಪ್ರಮೀಳೆ ಅಂದ್ರೆ ಅಜ್ಜಿ "ಅದೇನು, ಚಿನ್ನಾಟ" ಅಂತಿತ್ತು, ಜ್ವಾಲೆ ಕಥೆಗೆ ಬಂದ್ರೆ ಮಾತ್ರ ನೆಟ್ಟಗೆ ಕೂತ್ಕೊಂಡು ಹೇಳೋದು. ಗೊತ್ತಿಲ್ದೋರಿಗೆ ಹೇಳ್ತೀನಿ ಕೇಳಿ.

ಕುದುರೆ ಮಾಹಿಷ್ಮತಿಗೆ ಹೋಗುತ್ತೆ, ಅಲ್ಲಿ ರಾಜ ನೀಲಧ್ವಜ, ಹೆಂಡ್ತಿ ಜ್ವಾಲೆ, ಮಗ ಪ್ರವೀರ ಕುದುರೆ ಕಟ್ಟಿಹಾಕ್ತಾನೆ. ಅಳಿಯ ಯಾರು ಗೊತ್ತಾ, ಸಾಕ್ಷಾತ್ ಅಗ್ನಿ, ಮಗಳು ಸ್ವಾಹೆಯನ್ನ ಅವನಿಗೆ ಕೊಟ್ಟು ಮನೆ ಅಳಿಯ ಮಾಡ್ಕೊಂಡಿರ್ತಾರೆ. ಅಳಿಯ ಒಂದು ಸಲ ಅರ್ಜುನನ ಸೈನ್ಯನ ಸುಟ್ಟು ಆಮೇಲೆ ಅರ್ಜುನ ಸ್ತುತಿ ಮಾಡಿದ್ದಕ್ಕೆ ತಣ್ಣಗಾಗಿ ಬಂದು ಮಾವನಿಗೇ ಕುದುರೆ ಬಿಟ್ಬಿಡು ಅಂತಾನೆ. ರಾಜನೂ ಹೂಂ ಅಂತಾನೆ. ಆಗ ಜ್ವಾಲೆ ಎದ್ದು ನಿಲ್ತಾಳೆ, ನಮ್ಮತ್ರ ಸೈನ್ಯ ಇಲ್ವಾ, ಮಕ್ಕಳಿಲ್ವಾ, ಯಾಕೆ ಬಗ್ಬೇಕು ಅಂತ. ಗಂಡ ಅವಳ ಮಾತು ಕೇಳಿ ಯುದ್ಧಕ್ಕೆ ಹೋಗಿ ಮಕ್ಕಳನ್ನ ಕಳ್ಕೊಂಡು ಸೋತು ಬಂದು, ನಿನ್ನಿಂದ್ಲೇ ಮನೆ ಹಾಳಾಯ್ತು ಅಂತ ಬೈದು ಕುದುರೆ ಬಿಟ್ಟುಕೊಟ್ಟು ತಾನೂ ಅರ್ಜುನನ ಹಿಂದೆ ಹೊರಟುಹೋಗ್ತಾನೆ.

ಅವಳು ಒಬ್ಳೇ ಉಳೀತಾಳೆ. ತವರಿಗೆ ಹೋಗಿ ಒಡಹುಟ್ಟಿದವನನ್ನ ಕೇಳ್ತಾಳೆ, ಅರ್ಜುನನ ಮೇಲೆ ಯುದ್ಧ ಮಾಡ್ಕೊಡು ಅಂತ, ಅವನೂ ಆಗಲ್ಲ ಅಂತಾನೆ. ಸೈನ್ಯ ಇಲ್ಲ, ಗಂಡ ಇಲ್ಲ, ತವರಿಲ್ಲ. ಗಂಗೆ ದಾಟೋಕೆ ದೋಣಿ ಹತ್ತಿದಾಗ ನೀರು ಕಾಲಿಗೆ ಹಾರುತ್ತೆ, ಇವಳು ಥೂ ಗಂಗೆ ನೀರು ಸೋಕಿ ಪಾಪ ಬಂತು ಅಂತಾಳೆ! ದೋಣಿಯೋರೆಲ್ಲ ಹೌಹಾರ್ತಾರೆ, ಗಂಗೆಯೇ ಹೆಣ್ಣಾಗಿ ಎದ್ದು ಬಂದು ಯಾಕಮ್ಮ ಹಂಗಂದೆ ಅಂತ ಕೇಳ್ತಾಳೆ. ಏಳು ಮಕ್ಕಳನ್ನ ನೀನೇ ಮುಳುಗಿಸ್ದೆ, ಉಳಿದ ಒಬ್ಬ ಭೀಷ್ಮನ್ನ ಅರ್ಜುನ ಶಿಖಂಡಿ ಅಡ್ಡ ಇಟ್ಕೊಂಡು ಕೆಡವಿದ, ನೀನು ಸುಮ್ನೆ ಹರೀತಿದೀಯಾ, ಮಕ್ಕಳಿಲ್ದೋಳ ನೀರು ಮುಟ್ಟಿದ್ರೆ ಪಾಪ ಅಲ್ದೆ ಏನು ಅಂತಾಳೆ ಜ್ವಾಲೆ. ಗಂಗೆಗೆ ಉರಿದುಹೋಗುತ್ತೆ, ಆರು ತಿಂಗಳಲ್ಲಿ ಅರ್ಜುನನ ತಲೆ ಬೀಳ್ಲಿ ಅಂತ ಶಾಪ ಹಾಕ್ತಾಳೆ. ಜ್ವಾಲೆ ಅಷ್ಟಕ್ಕೂ ಬಿಡಲ್ಲ, ಬೆಂಕಿಗೆ ಬಿದ್ದು ಬಾಣ ಆಗಿ ಹೋಗಿ ಬಭ್ರುವಾಹನನ ಬತ್ತಳಿಕೆ ಸೇರ್ಕೊಳ್ತಾಳೆ. ಮಣಿಪುರದಲ್ಲಿ ಅರ್ಜುನನ ತಲೆ ಹಾರಿಸಿದ್ದು ಆ ಬಾಣ.

ಪ್ರಮೀಳೆ ಅರ್ಜುನನ್ನ ತಡೆದಳು, ಜ್ವಾಲೆ ಕೆಡವಿದಳು. ನಾಟಕ ಮಾಡೋದಾದ್ರೆ ಇವಳದ್ದು ಮಾಡಿ ಕಲಕ್ಕ.

ಕಡೂರ್ ಕಲಾ:
ಅಯ್ಯೋ ಇದು ನಂಗೆ ಗೊತ್ತೇ ಇರ್ಲಿಲ್ಲ. ಬಭ್ರುವಾಹನನ ಕಥೆ ಗೊತ್ತು, ಬಾಣದ ಒಳಗಡೆ ಒಬ್ಬಳು ರಾಣಿ ಇದಾಳೆ ಅಂತ ಯಾರೂ ಹೇಳೇ ಇರ್ಲಿಲ್ಲ. ಮೇಷ್ಟ್ರೇ ಇದು ಲಕ್ಷ್ಮೀಶನಲ್ಲಿ ಇದೆಯಾ ಅಥವಾ ಅಜ್ಜಿ ಕಥೆನಾ?

ಹಾಸನ್ ಮೇಷ್ಟ್ರು:
ಇದೆ. ಮೊಮ್ಮಗ ಚೆನ್ನಾಗೇ ಹೇಳಿದಾರೆ, ಅಜ್ಜಿ ಪುಣ್ಯ. ಇದರ ಬೇರು ವ್ಯಾಸರ ಸಭಾಪರ್ವದಲ್ಲಿದೆ, ಅಲ್ಲಿ ರಾಜಸೂಯದ ದಿಗ್ವಿಜಯಕ್ಕೆ ಸಹದೇವ ಮಾಹಿಷ್ಮತಿಗೆ ಹೋಗ್ತಾನೆ, ರಾಜನ ಹೆಸರು ನೀಲ, ಅವನ ಮಗಳನ್ನ ಬಯಸಿ ಬಂದ ಅಗ್ನಿ ಆ ಊರಿಗೆ ಕಾವಲು. ಆದ್ರೆ ಜ್ವಾಲೆ ಅಲ್ಲಿ ಇಲ್ಲ. ಅವಳನ್ನ ತಂದು, ಮಾಹಿಷ್ಮತಿಯ ಜಗಳಕ್ಕೂ ಮಣಿಪುರದ ಜಗಳಕ್ಕೂ ಅವಳ ಸಿಟ್ಟಿನಿಂದ್ಲೇ ಸೇತುವೆ ಕಟ್ಟಿದ್ದು ಜೈಮಿನಿ. ವ್ಯಾಸರಲ್ಲಿ ವಸುಗಳ ಶಾಪ, ಉಲೂಪಿಯ ಉಪಾಯ. ಇಲ್ಲಿ ಒಬ್ಬ ತಾಯಿ ಇನ್ನೊಬ್ಬ ತಾಯಿಯನ್ನ ಕೆಣಕಿ ಎಬ್ಬಿಸಿದ್ದು. ನನಗಂತೂ ಕಥೆಯಾಗಿ ಎರಡನೇದೇ ಹೆಚ್ಚು ಬಿಗಿ.

ಸಕಲೇಶಪುರ ಸಿಂಧು:
ಈಗ ಮಜಾ ಬಂತು ನೋಡಿ. ಆದ್ರೆ ಜ್ವಾಲೆನ ವೀರ ರಾಣಿ ಅನ್ನೋಕಾಗುತ್ತಾ? ಅವಳು ಬಿಲ್ಲು ಹಿಡಿಲಿಲ್ಲ. ಗಂಡನ್ನ ಯುದ್ಧಕ್ಕೆ ತಳ್ಳಿದಳು, ಮಕ್ಕಳು ಸತ್ರು, ಆಮೇಲೂ ಬಿಡ್ಲಿಲ್ಲ. ನಮ್ಮೂರಲ್ಲಾಗಿದ್ರೆ ಹಟಮಾರಿ ಹೆಂಗಸು, ಮನೆಮುರುಕಿ ಅಂತಿದ್ರು.

ಹಾಸನ್ ಮೇಷ್ಟ್ರು:
ಅಂತಿದ್ರು ಏನು, ಅರ್ಥ ಹೇಳೋರು ಎಷ್ಟೋ ಜನ ಹಾಗೇ ಹೇಳ್ತಾರೆ, ಹೆಂಗಸಿನ ಮಾತು ಕೇಳಿ ಕೆಟ್ಟ ನೀಲಧ್ವಜ ಅಂತ ಒಂದು ಸಾಲು ಸೇರಿಸಿ ಮುಂದೆ ಹೋಗ್ತಾರೆ. ಅವರಿಗೆ ನಾನು ವಿದುಲೆಯನ್ನ ನೆನಪು ಮಾಡ್ತೀನಿ. ಉದ್ಯೋಗಪರ್ವದಲ್ಲಿ ಕೃಷ್ಣ ಸಂಧಾನ ಮುಗಿಸಿ ಹೊರಡುವಾಗ ಕುಂತಿ ತನ್ನ ಮಕ್ಕಳಿಗೆ ಈ ಕಥೆ ಹೇಳು ಅಂತ ಹೇಳಿ ಕಳಿಸ್ತಾಳೆ. ವಿದುಲೆ ಒಬ್ಬ ರಾಣಿ, ಮಗ ಸಂಜಯ ಸಿಂಧುರಾಜನಿಗೆ ಸೋತು ಬಂದು ಮಲಗಿದಾನೆ. ಎದ್ದೇಳೋ ಹೇಡಿ ಅಂತ ಶುರು ಮಾಡಿ ಅವಳು ಉಗಿಯೋ ಉಗಿತ ಇದೆಯಲ್ಲ, ಬಹುಕಾಲ ಹೊಗೆಯಾಡ್ತಾ ಇರೋದಕ್ಕಿಂತ ಒಂದು ಕ್ಷಣ ಧಗ್ಗಂತ ಉರಿಯೋದು ಮೇಲು ಅಂತಾಳೆ. ನಾನು ಸತ್ರೆ ನಿನಗೇನು ಸುಖ ಅಮ್ಮ, ನಿನ್ನ ಎದೆ ಕಬ್ಬಿಣದ್ದಾ ಅಂತ ಮಗ ಕೇಳ್ತಾನೆ. ಆದ್ರೂ ಬಿಡಲ್ಲ. ಕೊನೆಗೆ ಅವನು ಏಳ್ತಾನೆ. ಆ ಕಥೆಗೆ ಜಯ ಅಂತಾನೇ ಹೆಸರು, ಗರ್ಭಿಣಿಯರು ಕೇಳಿದ್ರೆ ವೀರ ಮಗ ಹುಟ್ಟುತ್ತಾನೆ ಅಂತ ಫಲಶ್ರುತಿ ಬೇರೆ.

ಸಕಲೇಶಪುರ ಸಿಂಧು:
ಹಂಗಿದ್ರೆ ಸಾರ್, ವಿದುಲೆ ಹೇಳಿದ್ದೂ ಜ್ವಾಲೆ ಹೇಳಿದ್ದೂ ಒಂದೇ ಮಾತು. ಬಗ್ಬೇಡ, ಹೋಗು, ಹೊಡೆದಾಡು. ವಿದುಲೆ ಮಗ ಎದ್ದು ನಿಂತ, ಅವಳು ವೀರಮಾತೆ. ಜ್ವಾಲೆ ಗಂಡ ಸೋತ, ಇವಳು ಮನೆಮುರುಕಿ. ಅದೂ ಅಲ್ದೆ ಜ್ವಾಲೆ ಎದುರಾಳಿ ಪಾಂಡವರು, ಕೇಳೋರಿಗೆ ಬೇಕಾದ ಪಾರ್ಟಿ. ವಿದುಲೆ ಕಥೆ ಹೇಳಿಸಿದ್ದೇ ಪಾಂಡವರ ಅಮ್ಮ. ಕುಂತಿ ಬಾಯಲ್ಲಿ ಬಂದ್ರೆ ಅದು ನೀತಿ, ಮಾಹಿಷ್ಮತಿಯಲ್ಲಿ ಬಂದ್ರೆ ದುರ್ಬುದ್ಧಿ.

ಕೊಪ್ಪದ ಚಂಡೆ:
ಇದನ್ನ ಯಾರಾದ್ರೂ ಅರ್ಥಧಾರಿಗಳಿಗೆ ಕೊಡಿ ಮಾರಾಯ್ರೆ, ಬೆಳಗಿನ ತನಕ ನಡೀತದೆ. ಒಂದು ಸೇರಿಸ್ತೇನೆ, ಜ್ವಾಲೆ ಗಂಗೆ ಹತ್ರ ಹೇಳಿದ್ರಲ್ಲಿ ಒಂದೂ ಸುಳ್ಳಿಲ್ಲ. ಶಿಖಂಡಿ ವಿಚಾರ ಎಲ್ಲರಿಗೂ ಗೊತ್ತು, ಧರ್ಮರಾಯನಿಗೂ ಗೊತ್ತು, ಅಶ್ವಮೇಧ ಮಾಡಿದ್ದೇ ಕುರುಕ್ಷೇತ್ರದ ಪಾಪ ತೊಳ್ಕೊಳೋಕೆ. ಆದ್ರೆ ಬಾಯಿಬಿಟ್ಟು ಭೀಷ್ಮನ ತಾಯಿ ಎದುರೇ ಹೇಳಿದವ್ಳು ಇವ್ಳೊಬ್ಳೇ. ನಂಗೆ ಅವ್ಳ ಶೌರ್ಯ ಅಲ್ಲಿ ಕಾಣ್ತದೆ, ಬಾಣ ಆಗಿದ್ದು ಆಮೇಲಿನ ಮಾತು.

ಮೂಡಿಗೆರೆ ಮಳೆ:
ಪುರಾಣ ಬಿಡಿ, ನಮ್ಮ ಹೊಯ್ಸಳರಲ್ಲೇ ಇದ್ರಲ್ಲ. ಇಮ್ಮಡಿ ವೀರಬಲ್ಲಾಳನ ರಾಣಿ ಉಮಾದೇವಿ ತಿರುಗಿಬಿದ್ದ ಸಾಮಂತರ ಮೇಲೆ ತಾನೇ ಸೈನ್ಯ ನಡೆಸಿದ್ದಳು. ನಾವು ಹಾಸನದೋರು ಚಿಕ್ಕಮಗಳೂರೋರು ಶಾಂತಲೆ ಬಿಟ್ಟು ಇನ್ನೊಬ್ಬರ ಹೆಸರು ಎತ್ತಲ್ಲ.

ಬೇಲೂರ್ ಬಾಯ್:
ಶಾಂತಲೆ ಬಗ್ಗೆ ಏನೂ ಅನ್ಬೇಡಿ ಬ್ರೋ, ನಮ್ಮೂರಿಗೆ ಬರೋ ಟೂರಿಸ್ಟ್ ಅರ್ಧ ಅವಳ ಹೆಸರಲ್ಲೇ ಬರೋದು. ಬೇಲೂರು ಗುಡಿಯಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಮದನಿಕೆ ಇದಾಳೆ, ಪ್ರಮೀಳೆ ಕಾಸ್ಟ್ಯೂಮ್‌ಗೆ ಅದರ ಫೋಟೋ ನೋಡ್ಕೊಳ್ಳಿ ಅಕ್ಕ. ಗೈಡ್‌ಗಳು ಹೇಳೋದನ್ನೆಲ್ಲ ನಂಬ್ಬೇಡಿ, ಫೋಟೋ ಮಾತ್ರ ತಗೊಳ್ಳಿ.

ಕಡೂರ್ ಕಲಾ:
ತರೀಕೆರೆ ಕಡೆ ಅಮೃತಾಪುರದ ಗುಡಿಯಲ್ಲಿ ಭಾರತದ ಕಥೆ ಕೆತ್ತಿದಾರಲ್ಲ, ಅಲ್ಲಿ ಇವರ್ಯಾರಾದ್ರೂ ಸಿಗ್ತಾರಾ?

ಹಾಸನ್ ಮೇಷ್ಟ್ರು:
ಅಮೃತೇಶ್ವರ ಗುಡಿ 1196ರದ್ದು, ಗೋಡೆ ಮೇಲೆ ಒಟ್ಟು 140 ಫಲಕ, ಅರ್ಧ ರಾಮಾಯಣ, ಇನ್ನರ್ಧದಲ್ಲಿ ಕೃಷ್ಣನ ಕಥೆ 25, ಭಾರತ 45. ಲಕ್ಷ್ಮೀಶ ಬರೆದಿದ್ದು ಆ ಗುಡಿ ಆಗಿ ಎಷ್ಟೋ ತಲೆಮಾರು ಕಳೆದ ಮೇಲೆ. ಶಿಲ್ಪಿಗಳು ನಿಂತ ರೀತಿ, ಬಿಲ್ಲು ಹಿಡಿದ ರೀತಿ, ರಥದ ಆಕಾರ ನೋಡೋಕೆ ಹೋಗಿ ಬನ್ನಿ, ಸೀನರಿ ಬರೆಸೋಕೆ ಅನುಕೂಲ ಆಗುತ್ತೆ.

ಅರಸೀಕೆರೆ ಹಾರ್ಮೋನಿಯಂ:
ತಡವಾಗಿ ನೋಡಿದೆ ಥ್ರೆಡ್ ನಾ. ಕಲಾ ಮೇಡಂ, ನಾನು ಈ ಕಡೆ ಕುರುಕ್ಷೇತ್ರ ನಾಟಕಗಳಿಗೆ ಹಾರ್ಮೋನಿಯಂ ನುಡಿಸ್ತೀನಿ, ಹಾಸನಾಂಬ ಕಲಾಕ್ಷೇತ್ರದಲ್ಲೂ ಸುಮಾರು ಸಲ ಕೂತಿದೀನಿ. ನಿಮ್ಮ ಮೇಷ್ಟ್ರ ಕಷ್ಟನೂ ಸ್ವಲ್ಪ ಹೇಳ್ತೀನಿ, ಅವ್ರಿಗೆ ಗೊತ್ತಿರೋ ಮಟ್ಟುಗಳಲ್ಲಿ ಶೃಂಗಾರ ಜಾಸ್ತಿ, ಹೆಣ್ಣು ಪಾರ್ಟು ಅಂದ ತಕ್ಷಣ ಕೈ ಅಲ್ಲಿಗೇ ಹೋಗುತ್ತೆ. ಹೊಸ ಹಾಡು ಬರೆಸೋ ಬದ್ಲು ಲಕ್ಷ್ಮೀಶನ ಪದ್ಯಗಳನ್ನೇ ಹಾಡಿಸಿ. ಅವು ವಾರ್ಧಕ ಷಟ್ಪದಿ, ಐದೈದು ಮಾತ್ರೆಯ ನಡೆ, ಸಾಲಿಗೆ 20 ಮಾತ್ರೆ, ಮೂರನೇ ಆರನೇ ಸಾಲು 32ಕ್ಕೆ ಹೋಗುತ್ತೆ. ಆ ಉದ್ದದ ಸಾಲಿದೆಯಲ್ಲ ಅದು ಯುದ್ಧದ ವರ್ಣನೆಗೆ ಹೇಳಿಮಾಡಿಸಿದಂಗಿದೆ, ಉಸಿರು ಹಿಡಿದು ಒಂದೇ ಎಳೆತಕ್ಕೆ ಹೇಳಿ ನಿಲ್ಸಿದ್ರೆ ಚಪ್ಪಾಳೆ ಗ್ಯಾರಂಟಿ. ಝಂಪೆ ತಾಳದಲ್ಲಿ ಕೂರುತ್ತೆ. ತಬಲದವನಿಗೆ ಮುಂಚೆನೇ ಹೇಳಿ, ಇಲ್ಲಾಂದ್ರೆ ಎಲ್ಲಾದಕ್ಕೂ ಆದಿತಾಳ ಬಾರಿಸ್ತಾ ಕೂತಿರ್ತಾನೆ.

ಕಡೂರ್ ಕಲಾ:
ಸಾರ್ ತುಂಬಾ ಉಪಕಾರ. ಇವತ್ತು ಪ್ರಾಕ್ಟೀಸಲ್ಲಿ ಈ ಥ್ರೆಡ್ ಎಲ್ರಿಗೂ ಓದಿ ಹೇಳ್ದೆ. ಜ್ವಾಲೆ ಕಥೆ ಓದುವಾಗ ಯಾರೂ ಮಾತಾಡ್ಲಿಲ್ಲ, ಮುಗಿದ ತಕ್ಷಣ ನಾನ್ ಮಾಡ್ತೀನಿ ನಾನ್ ಮಾಡ್ತೀನಿ ಅಂತ ಜಗಳ ಶುರು ಆಯ್ತು. ಈಗ ಪ್ಲಾನ್ ಏನಂದ್ರೆ ಮೊದ್ಲು ಮಾಹಿಷ್ಮತಿ, ಗಂಗೆ ಶಾಪದ ತನಕ. ನಡುವೆ ಸ್ತ್ರೀರಾಜ್ಯ, ಯುದ್ಧ ಪೂರ್ತಿ ಇರುತ್ತೆ, ಶಿಖಂಡಿ ಮಾತೂ ಹಾಕ್ತೀವಿ. ಕೊನೆಗೆ ಮಣಿಪುರ ಚಿಕ್ಕದಾಗಿ. ಪ್ರಮೀಳೆ ಒಂದು ಕಡೆ ತಡೀತಾಳೆ, ಜ್ವಾಲೆ ಇನ್ನೊಂದು ಕಡೆಯಿಂದ ಬರ್ತಾಳೆ, ಅರ್ಜುನನಿಗೆ ಎಲ್ಲೂ ಬಿಡುವಿಲ್ಲ. ನಮ್ಮ ನಾಟಕದ ಮೇಷ್ಟ್ರು ಕೇಳಿ ಅರ್ಧ ಒಪ್ಪಿದಾರೆ, ಆದ್ರೆ ಅವರದ್ದು ಒಂದೇ ಹಟ, ಅರ್ಜುನ ಸತ್ತು ಬಿದ್ದಿರುವಾಗ ಮಂಗಳ ಹಾಡೋ ಹಾಗಿಲ್ಲ, ಊರಿಗೆ ಒಳ್ಳೇದಲ್ಲ ಅಂತಾರೆ.

ಹಾಸನ್ ಮೇಷ್ಟ್ರು:
ಅವರು ಹೇಳೋದು ಸರಿ, ದಾರಿಯೂ ಕಥೆಯಲ್ಲೇ ಇದೆ. ಜೈಮಿನಿಯಲ್ಲಿ ಬಭ್ರುವಾಹನ ನಾಗಲೋಕದಿಂದ ಮಣಿ ತರಿಸ್ತಾನೆ, ಕೃಷ್ಣ ಬರ್ತಾನೆ, ಅರ್ಜುನನೂ ಕರ್ಣನ ಮಗ ವೃಷಕೇತುವೂ ಎದ್ದು ಕೂರ್ತಾರೆ. ಅಲ್ಲಿಗೆ ಮಂಗಳ ಹಾಡಿ.

ಸಕಲೇಶಪುರ ಸಿಂಧು:
ಜ್ವಾಲೆ ಏಳಲ್ಲ ಅನ್ನೋದನ್ನೂ ಯಾರಾದ್ರೂ ಒಂದು ಮಾತಲ್ಲಿ ಹೇಳ್ಲಿ ಪ್ಲೀಸ್. ಉಲೂಪಿ ಬಾಯಲ್ಲಿ ಹೇಳಿಸಿ, ಅವಳಿಗೇ ಒಪ್ಪುತ್ತೆ.

ಕಡೂರ್ ಕಲಾ:
ಬರ್ಕೊಂಡೆ. ಇನ್ನೊಂದು, ಜ್ವಾಲೆ ಬೆಂಕಿಗೆ ಬಿದ್ದು ಬಾಣ ಆಗೋದನ್ನ ಸ್ಟೇಜ್ ಮೇಲೆ ಹೆಂಗೆ ತೋರ್ಸೋದು? ನಾಟಕದ ಮೇಷ್ಟ್ರು ಹೊಗೆ ಮೆಷಿನ್ ಬಾಡಿಗೆಗೆ ತರೋಣ ಅಂತಾರೆ, ಸಂಘದಲ್ಲಿ ಅಷ್ಟು ದುಡ್ಡಿಲ್ಲ.

ಕೊಪ್ಪದ ಚಂಡೆ:
ಮೆಷಿನ್ ಎಲ್ಲ ಬೇಡ. ದೀವಟಿಗೆಗೆ ರಾಳದ ಪುಡಿ ಎರಚಿದ್ರೆ ಭಗ್ಗಂತ ಏಳ್ತದೆ, ಅಷ್ಟು ಹೊತ್ತಿಗೆ ಜ್ವಾಲೆ ಪಾತ್ರಧಾರಿ ಪರದೆ ಹಿಂದೆ ಸರಿದ್ರಾಯ್ತು. ಸಿಂಥೆಟಿಕ್ ಸೀರೆ ಉಟ್ಟಿರ್ಬಾರ್ದು, ಪರದೆಯಿಂದ ದೂರ ಇರ್ಬೇಕು, ಪಕ್ಕದಲ್ಲಿ ಒಬ್ರು ಬಕೆಟ್ ನೀರು ಇಟ್ಕೊಂಡು ನಿಂತಿರ್ಬೇಕು. ರಾಳ ಎರಚೋದು ಗೊತ್ತಿರೋರ ಕೈಲೇ ಮಾಡ್ಸಿ, ಹುಡುಗೀರ ಕೈಗೆ ಕೊಡ್ಬೇಡಿ.

ಅರಸೀಕೆರೆ ಹಾರ್ಮೋನಿಯಂ:
ಮೇಡಂ ಡ್ರೆಸ್ ವಿಷಯ. ಡ್ರಾಮಾ ಡ್ರೆಸ್ ಅಂಗಡಿಯೋರು ಅರ್ಜುನನ ಕಿರೀಟ ಭುಜಕೀರ್ತಿ ಎಲ್ಲಾ ಗಂಡಸ್ರ ಅಳತೆಗೇ ಇಟ್ಟಿರ್ತಾರೆ, ನಿಮ್ಮ ಡೈರಿ ಹುಡುಗಿ ತಲೆಗೆ ಲೂಸ್ ಆಗುತ್ತೆ. ಬುಕ್ ಮಾಡೋಕೆ ಹೋಗುವಾಗ ಅವಳನ್ನೂ ಕರ್ಕೊಂಡು ಹೋಗಿ ಹಾಕಿ ನೋಡಿ, ಮತ್ತೆ ಬಿಲ್ಲುಗಳನ್ನ ಜಾಸ್ತಿ ಹೇಳಿ, ಅಂಗಡಿಯೋರು ಪ್ರಮೀಳೆ ಸೈನ್ಯಕ್ಕೆ ಅಂದ್ರೆ ಹೂವಿನ ಬುಟ್ಟಿ ಕೊಟ್ಟು ಕಳಿಸ್ಬಿಟ್ಟಾರು.